ಉ: ಲಗ್ನಪತ್ರಿಕೆಯಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವುದು
ಬಾಗಲಕೋಟೆಯವರ ಪ್ರಶ್ನೆ ಒಳ್ಳೇದೈತ್ರಿ: ಕಂಪ್ಯೂಟರಿನಲ್ಲಿ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, ಹಳೇ ಮೊಳೆ ಅಚ್ಚಿನಲ್ಲಿ ಯಾಕೆ ತಾಗುತ್ತಿರಲಿಲ್ಲ?

ತಾಗಲು ಸಾಧ್ಯವೇ ಇರಲಿಲ್ಲ. ಪ್ರತಿ ಅಕ್ಷರ ಒಂದು ಲೋಹದ ತುಂಡಿನ ಮೇಲಿರುತ್ತಿತ್ತು. ಒಂದು ಸಾಲಿನ ಲೋಹ ಇನ್ನೊಂದರೊಳಗೆ ನುಗ್ಗಲಾರದು. ಸಾಲದ್ದಕ್ಕೆ ಸಾಲುಗಳ ನಡುವೆ ಸೀಸದ (ಇಂಗ್ಲಿಷಿನ ‘ಲೆಡ್’) ಪಟ್ಟಿ ಬೇರೆ. ಆ ಪಟ್ಟಿಯಿಂದಲೇ ಸಾಫ್ಟ್‌ವೇರಿನ ‘ಲೀಡಿಂಗ್’, ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗಿರುವ ದೂರ, ಎಂಬ ಹೆಸರು ಬಂದದ್ದು. ಅದು ತಾನಾಗಿ ಸಾಮಾನ್ಯವಾಗಿ ಅಕ್ಷರದ ಅಳತೆಯ 120% ಇರುತ್ತದೆ, ರೋಮನ್ ಲಿಪಿಗೆ ಹೊಂದುವ ಅಳತೆ. ಕೆಳಗೆ ಎರಡೆರಡು ಒತ್ತು ಇಳಿಯುವ ಕನ್ನಡಕ್ಕೆ ಸಾಲದು.

12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಲೀಡಿಂಗ್ ಕೊಟ್ಟು ನೋಡ್ರಿ. ಮೇಲೆ ‘ಸ್ತ್ರೀ’, ಸರಿಯಾಗಿ ಅದರ ಕೆಳಗೆ ‘ಕೀ’ ಬರೆದು ಪರೀಕ್ಷಿಸ್ರಿ. ತಾಗಿದರೆ ಅರ್ಧರ್ಧ ಪಾಯಿಂಟ್ ಏರಿಸ್ರಿ. ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದು ಮಾಡ್ರಿ, ಲೀಡಿಂಗ್ ಮುಟ್ಟಬ್ಯಾಡ್ರಿ. (ಬಂಧುಗಳ ಹೆಸರು ಕಡಿಮೆ ಮಾಡ್ರಿ ಅಂದ್ರ ಯಾರೂ ಕೇಳಂಗಿಲ್ಲ!)

ಪ್ರೆಸ್ಸಿಗೆ ಕೊಡುವ ಮುಂಚೆ ಅಕ್ಷರಗಳನ್ನು ಕರ್ವ್ಸ್ (ಫಾಂಟ್ ಬೇಡದ ಬರೀ ಗೆರೆಚಿತ್ರ) ಮಾಡ್ರಿ. ಅಲ್ಲಿ ನಿಮ್ಮ ಫಾಂಟ್ ಇರದಿದ್ದರೆ ಒತ್ತು ಚೆದುರುತ್ತವೆ. ತಿದ್ದಲು ಮೂಲ ಫೈಲ್ ಬೇರೆ ಇರಲಿ. ಸಣ್ಣ ಕಪ್ಪಕ್ಷರ ಕಪ್ಪು ಇಂಕಿನದಷ್ಟೇ ಇರಲಿ. ಮುದ್ರಣದ ನಾಲ್ಕೂ ಬಣ್ಣ ಬೆರೆಸಿದರೆ ಒಂದು ಬಣ್ಣದ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಿನ ಅಂಚು ಮಸುಕಾಗುತ್ತದೆ.