ರಬ್ಬರನ್ನು ಆಯಸ್ಕಾಂತ ಮಡಚುವುದು ಹೇಗೆ?

ಪ್ರಶ್ನೆ: ಆಯಸ್ಕಾಂತ ಹತ್ತಿರ ಬಂದೊಡನೆ ಮಡಚಿಕೊಂಡು, ದೂರ ಸರಿದಾಗ ಮೊದಲಿನಂತಾಗುವ ರಬ್ಬರ್ ಹಾಳೆಯೊಂದನ್ನು ವಿಡಿಯೊದಲ್ಲಿ ನೋಡಿದೆ. ರಬ್ಬರಿಗೆ ಆಯಸ್ಕಾಂತ ಅಂಟುವುದಿಲ್ಲವಲ್ಲ? ಲೋಹಗಳೂ ಹೀಗೆ ಆಕಾರ ಬದಲಿಸುತ್ತವೆಯೆ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ, ಬರಿಯ ರಬ್ಬರನ್ನು ಆಯಸ್ಕಾಂತ ಎಳೆಯುವುದಿಲ್ಲ. ಇಂಥ ಹಾಳೆಗಳಲ್ಲಿ, ಸಿಲಿಕೋನ್ ರಬ್ಬರ್ ಇನ್ನೂ ಗಟ್ಟಿಯಾಗುವ ಮುನ್ನವೇ, ನಿಯೋಡಿಮಿಯಮ್, ಕಬ್ಬಿಣ ಮತ್ತು ಬೋರಾನ್ ಸೇರಿದ ಮಿಶ್ರಲೋಹದ ನುಣ್ಣನೆಯ ಪುಡಿಯನ್ನು ಬೆರೆಸಿ, ಹಾಳೆಯ ಬೇರೆ ಬೇರೆ ಭಾಗದ ಕಣಗಳು ಬೇರೆ ಬೇರೆ ದಿಕ್ಕಿಗೆ ಕಾಂತಗೊಳ್ಳುವಂತೆ ಮಾಡಿರುತ್ತಾರೆ. ಹೊರಗಿನ ಕಾಂತಕ್ಷೇತ್ರ ತಾಗಿದಾಗ ಪ್ರತಿ ಕಣವೂ ದಿಕ್ಸೂಚಿಯ ಮುಳ್ಳಿನಂತೆ ತಿರುಗಲು ಹವಣಿಸುತ್ತದೆ. ಆದರೆ ರಬ್ಬರಿನಲ್ಲಿ ಹೂತುಹೋಗಿರುವುದರಿಂದ ಸುತ್ತಲಿನ ರಬ್ಬರನ್ನೂ ಎಳೆದುಕೊಂಡೇ ತಿರುಗಬೇಕಾಗುತ್ತದೆ. ಹಾಳೆ ಮಡಚುವುದು ಇದರಿಂದಲೇ. ಕ್ಷೇತ್ರ ಹೋದೊಡನೆ ರಬ್ಬರು ತನ್ನ ಬಿಗಿತದಿಂದ ಯಥಾಸ್ಥಿತಿಗೆ ಮರಳುತ್ತದೆ.

ಲೋಹಗಳ ಕಥೆ ಬೇರೆ. ಕಾಂತಗೊಂಡ ಕಬ್ಬಿಣದ ಸರಳಿನ ಉದ್ದ ತುಸು ಬದಲಾಗುವುದನ್ನು ಜೇಮ್ಸ್ ಜೂಲ್ 1842ರಲ್ಲೇ ಗುರುತಿಸಿದ್ದರು. ಈ ಬದಲಾವಣೆ ಕಣ್ಣಿಗೆ ಕಾಣದಿದ್ದರೂ ಕಿವಿಗೆ ಕೇಳಿಸುತ್ತದೆ: ರಾತ್ರಿ ಓಡಾಟ ನಿಂತ ಮೇಲೆ ನಿಮ್ಮ ಬೀದಿಯ ಟಿ.ಸಿ. (ವಿದ್ಯುತ್ ಟ್ರಾನ್ಸ್‌ಫಾರ್ಮರ್) ಗುಂಯ್ ಎನ್ನುವುದನ್ನು ಗಮನಿಸಿ. ಅದರೊಳಗಿನ ಉಕ್ಕಿನ ತಗಡುಗಳು ಸೆಕೆಂಡಿಗೆ 100 ಬಾರಿ ಹಿಗ್ಗಿ ಕುಗ್ಗುವುದೇ ಆ ಸದ್ದಿಗೆ ಮುಖ್ಯ ಕಾರಣ. ಟರ್ಬಿಯಮ್, ಡಿಸ್ಪ್ರೋಸಿಯಮ್ ಬೆರೆತ ಟರ್ಫೆನಾಲ್-ಡಿ ಎಂಬ ಮಿಶ್ರಲೋಹ ಮೀಟರಿಗೆ ಒಂದೆರಡು ಮಿಲಿಮೀಟರ್ ಹಿಗ್ಗುತ್ತದೆ. ಎಲ್ಲಕ್ಕಿಂತ ಬೆರಗಿನದು ನಿಕ್ಕಲ್, ಮ್ಯಾಂಗನೀಸ್ ಮತ್ತು ಗ್ಯಾಲಿಯಮ್ ಸೇರಿದ ಹರಳು. ಅದರಲ್ಲಿ ಪರಮಾಣುಗಳ ಜೋಡಣೆ ಎರಡು ದಿಕ್ಕಿಗೆ ವಾಲಿದ ಪಟ್ಟಿಗಳಾಗಿರುತ್ತದೆ. ಕಾಂತಕ್ಷೇತ್ರಕ್ಕೆ ಒಗ್ಗುವ ಪಟ್ಟಿಗಳು ಪಕ್ಕದವನ್ನು ನುಂಗುತ್ತ ಅಗಲವಾದಂತೆ ಇಡೀ ಹರಳಿನ ಉದ್ದವೇ ಬದಲಾಗುತ್ತದೆ. 1996ರಲ್ಲಿ ಶೇ 0.2ರಷ್ಟು ಕಂಡ ಈ ಬದಲಾವಣೆ ಮುಂದೆ ಶೇ 10ರ ಹತ್ತಿರ ಮುಟ್ಟಿತು. ಆದರೆ ಹರಳು ಪೆಡಸು, ಬೇಗ ಒಡೆಯುತ್ತದೆ. ಮೆತ್ತಗಿನ ಕೆಲಸಗಳಿಗೆ ರಬ್ಬರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇದರ ಸರಳ ರೂಪವನ್ನು ನೀವೇ ಮಾಡಿ ನೋಡಬಹುದು. ಲೇತ್ ಅಂಗಡಿಯಲ್ಲಿ ಬೀಡುಕಬ್ಬಿಣ ಕಡೆಯುವಾಗ ಉದುರುವ ಪುಡಿಯನ್ನು ಕೇಳಿ ಪಡೆಯಿರಿ. ಉಕ್ಕಿನ ಸುರುಳಿ ಚೂರು ಬೇಡ, ಅದು ಕೈ ಕೊಯ್ಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲೆಂಟಿಗೆ ಆ ಪುಡಿಯನ್ನು ಕಲಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ದೋಸೆಯಂತೆ ತೆಳ್ಳಗೆ ಹರಡಿ, ಗಾಳಿಯಾಡುವ ಕಡೆ ಒಂದು ದಿನ ಒಣಗಲು ಬಿಡಿ. ಬಿಡಿಸಿ, ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಒಂದು ತುದಿ ಹಿಡಿದು ಇಳಿಬಿಡಿ. ಹಳೆಯ ಸ್ಪೀಕರಿನ ಆಯಸ್ಕಾಂತ ತೋರಿಸಿದರೆ ಇನ್ನೊಂದು ತುದಿ ಅದರತ್ತ ಬಾಗುತ್ತದೆ.