ಬೆಡ್ಡಿಂಗ್ ಮಾಡುವಾಗ, ಎಪಾಕ್ಸಿ ಗಟ್ಟಿಯಾಗುವ ತನಕ ರೈಫಲ್ ಸ್ಕ್ರೂ ಎಷ್ಟು ಬಿಗಿಯಬೇಕು?

ಬಿಗಿಯಲೇಬೇಡಿ. ಬೆಡ್ಡಿಂಗ್ ಅಂದರೆ ರೈಫಲ್‌ನ ಆಕ್ಷನ್ (ಗುಂಡು ತುಂಬಿ ಹಾರಿಸುವ ಉಕ್ಕಿನ ಭಾಗ) ಸ್ಟಾಕಿನಲ್ಲಿ (ಕೈಯಲ್ಲಿ ಹಿಡಿಯುವ ಮರದ ಭಾಗ) ಕದಲದೆ ಕೂರಲಿ ಅಂತ ನಡುವೆ ಎಪಾಕ್ಸಿ ಅಂಟು ತುಂಬುವುದು. ರೆಮಿಂಗ್ಟನ್ 700, ಮರದ ಸ್ಟಾಕ್, 100 ಗಜದಲ್ಲಿ ಗುಂಡುಗಳು 2 ಇಂಚು ಹರಡುತ್ತಿವೆ ಅಂತ ಬರೆದಿದ್ದೀರಿ. ಪೆನ್ಸಿಲ್ವೇನಿಯಾಕ್ಕೆ ಬಂದ ಹೊಸತರಲ್ಲಿ ನನ್ನ ಹತ್ತಿರವೂ ಇದೇ ರೈಫಲ್, ಇದೇ ತೊಂದರೆ. ಥ್ಯಾಂಕ್ಸ್‌ಗಿವಿಂಗ್ ಆದಮೇಲೆ ಶುರುವಾಗುವ ಜಿಂಕೆ ಸೀಸನ್ ಒಳಗೆ ಸರಿಮಾಡಬೇಕು ಅಂತ ಗ್ಯಾರೇಜಿನಲ್ಲಿ ಕೂತೆ.

ಮೊದಲ ಕೆಲಸಗಳೆಲ್ಲ ಸರಿಯಾಗಿಯೇ ಆದವು. ಆಕ್ಷನ್ ಕೂರುವ ಜಾಗದ ಮರವನ್ನು ತೆಳುವಾಗಿ ಕೆತ್ತಿದೆ. ಟ್ರಿಗರ್ ಬಿಚ್ಚಿ, ಪಿನ್ ತೂತುಗಳಿಗೆಲ್ಲ ಮಾಡೆಲಿಂಗ್ ಕ್ಲೇ ತುಂಬಿದೆ. ತುಂಬದಿದ್ದರೆ ಎಪಾಕ್ಸಿ ಅಲ್ಲಿ ಹೊಕ್ಕು ಗಟ್ಟಿಯಾಗುತ್ತದೆ, ಆಮೇಲೆ ಆಕ್ಷನ್ ಹೊರಗೆ ಬರುವುದಿಲ್ಲ. ಎಪಾಕ್ಸಿ ಅಂಟದಿರಲಿ ಅಂತ ಲೋಹಕ್ಕೂ ಸ್ಕ್ರೂಗಳಿಗೂ ಶೂ ಪಾಲಿಶ್ ಸವರಿದೆ. ರಿಕಾಯ್ಲ್ ಲಗ್ ಅಂದರೆ ಆಕ್ಷನ್‌ನ ಮುಂತುದಿಯಲ್ಲಿ ಕೆಳಕ್ಕೆ ಚಾಚಿದ ಉಕ್ಕಿನ ತುಂಡು; ಸ್ವಲ್ಪ ಸಂದು ಉಳಿಯಲಿ ಅಂತ ಅದರ ಮುಂದೆ, ಪಕ್ಕಕ್ಕೆ, ಕೆಳಗೆ ಟೇಪ್ ಅಂಟಿಸಿದೆ. ಹಿಂಬದಿ ಮಾತ್ರ ಬರಿದಾಗಿ ಬಿಟ್ಟೆ, ಏಕೆಂದರೆ ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲ ಸ್ಟಾಕಿಗೆ ದಾಟುವುದು ಅಲ್ಲಿಂದ.

ಆಮೇಲೆ ಎಪಾಕ್ಸಿ ಹಾಕಿ, ಆಕ್ಷನ್ ಕೂರಿಸಿ, ಅದನ್ನು ಸ್ಟಾಕಿಗೆ ಹಿಡಿದಿಡುವ ಎರಡೂ ಸ್ಕ್ರೂಗಳನ್ನು ಇದ್ದ ಬಲವೆಲ್ಲ ಹಾಕಿ ತಿರುಗಿಸಿದೆ. ಕೆಟ್ಟದ್ದು ಅಲ್ಲೇ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಮರದಲ್ಲಿ ಮುಂದಿನ ಸ್ಕ್ರೂ ಜಾಗವೂ ಹಿಂದಿನದೂ ಒಂದೇ ಮಟ್ಟದಲ್ಲಿರುವುದು ಅಪರೂಪ. ಬಿಗಿದಾಗ ಮರ ಅದುಮಿಕೊಳ್ಳುತ್ತದೆ, ಆಕ್ಷನ್ ಕೂದಲೆಳೆಯಷ್ಟು ಬಾಗುತ್ತದೆ. ಎಪಾಕ್ಸಿ ಗಟ್ಟಿಯಾಗುವುದು ಆ ಬಾಗಿದ ಉಕ್ಕಿನ ಸುತ್ತ. ಸ್ಕ್ರೂ ಸಡಿಲಿಸಿದ ತಕ್ಷಣ ಉಕ್ಕು ನೆಟ್ಟಗಾಗುತ್ತದೆ, ಎಪಾಕ್ಸಿಯ ಅಚ್ಚು ಮಾತ್ರ ಡೊಂಕಾಗಿಯೇ ಉಳಿಯುತ್ತದೆ. ಮುಂದೆ ಪ್ರತಿ ಸಲ ಬಿಗಿದಾಗಲೂ ಆಕ್ಷನ್ ಅದೇ ಡೊಂಕಿಗೆ ಹೋಗುತ್ತದೆ. ಬೆಡ್ಡಿಂಗ್ ಮಾಡುವುದೇ ಆಕ್ಷನ್ ಮೇಲೆ ಯಾವ ಎಳೆತವೂ ಇರಬಾರದು ಅಂತ. ನಾನು ಆ ಎಳೆತವನ್ನೇ ಎಪಾಕ್ಸಿಯಲ್ಲಿ ಕಾಯಂ ಮಾಡಿದ್ದೆ.

ನೋಡಲು ಎಷ್ಟು ನುಣುಪಾಗಿತ್ತು ಅಂದರೆ ನನಗೆ ಸಂಶಯವೇ ಬರಲಿಲ್ಲ. ಗುಂಡುಗಳು ಮಾತ್ರ ಹಾಗೇ ಹರಡುತ್ತಿದ್ದವು. ಕೊನೆಗೆ ರೇಂಜಿನ ಹಿರಿಯರೊಬ್ಬರು ಬ್ಯಾರಲ್‌ಗೆ ಡಯಲ್ ಇಂಡಿಕೇಟರ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಯ ಸಾಧನ) ಕಟ್ಟಿ, ಅದರ ಮೊನೆಯನ್ನು ಸ್ಟಾಕಿನ ತುದಿಗೆ ತಾಗಿಸಿ, ಮುಂದಿನ ಸ್ಕ್ರೂ ಸಡಿಲಿಸಿದರು. ಮುಳ್ಳು 0.002 ಇಂಚಿಗಿಂತ ಜಾಸ್ತಿ ಅಲ್ಲಾಡಬಾರದು. ನನ್ನದರಲ್ಲಿ ಎಲ್ಲಿಗೋ ಓಡಿತು. ಗಟ್ಟಿಯಾದ ಎಪಾಕ್ಸಿಯನ್ನೆಲ್ಲ ಉಜ್ಜಿ ತೆಗೆಯುವಷ್ಟರಲ್ಲಿ ಆ ವರ್ಷದ ಸೀಸನ್ ಮುಗಿದಿತ್ತು.

ಎರಡನೇ ಸಲ ಮೊದಲು ಸ್ಕ್ರೂ ತೂತುಗಳಲ್ಲಿ ಅಲ್ಯೂಮಿನಿಯಂ ಪಿಲ್ಲರ್ (ಬಿಗಿದಾಗ ಮರದ ಬದಲು ಬಲ ತಡೆಯುವ ಕೊಳವೆ) ಅಂಟಿಸಿದೆ. ಬ್ಯಾರಲ್ ನಡುಮಧ್ಯೆ ನಿಲ್ಲುವಂತೆ ಸ್ಟಾಕಿನ ತುದಿಯ ಹತ್ತಿರ ಅದಕ್ಕೆ ಟೇಪ್ ಸುತ್ತಿದೆ. ಸ್ಕ್ರೂ ಬದಲು ತಲೆಯಿಲ್ಲದ ಉದ್ದ ಸರಳುಗಳನ್ನು ಹಾಕಿದೆ, ಅವು ದಾರಿ ತೋರಿಸುತ್ತವೆಯೇ ಹೊರತು ಎಳೆಯುವುದಿಲ್ಲ. ಆಕ್ಷನ್ ಪಿಲ್ಲರ್ ಮೇಲೆ ಕೂರುವ ತನಕ ಕೈಯಿಂದ ಒತ್ತಿ, ರಬ್ಬರ್ ಟ್ಯೂಬ್ ಸುತ್ತಿ ಮರುದಿನದವರೆಗೆ ಮುಟ್ಟಲಿಲ್ಲ. ಬಿಗಿಯುವುದು ಎಲ್ಲ ಪೂರ್ತಿ ಗಟ್ಟಿಯಾದ ಮೇಲೆ. ಪಿಲ್ಲರ್ ಇದ್ದರೆ 65 ಇಂಚ್-ಪೌಂಡ್ (ಸ್ಕ್ರೂ ತಿರುಗಿಸುವ ಬಲದ ಅಳತೆ) ರೂಢಿ. ಬರೀ ಮರಕ್ಕೆ ಅಷ್ಟು ಹಾಕಿದರೆ ಮರ ಜಜ್ಜಿಹೋಗುತ್ತದೆ.

ಆದರೆ ನಿಮಗೆ ಈಗಲೇ ಬೆಡ್ಡಿಂಗ್ ಬೇಕು ಅಂತ ನಾನು ಒಪ್ಪುವುದಿಲ್ಲ. ಬ್ಯಾರಲ್ ಮತ್ತು ಸ್ಟಾಕ್ ನಡುವೆ ಒಂದು ಡಾಲರ್ ನೋಟು ತೂರಿಸಿ ನೋಡಿದ್ದೀರಾ? ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ತಾಗುತ್ತಿದೆ, ಗುಂಡು ಹರಡಲು ಅದೂ ಕಾರಣ ಆಗಬಹುದು. ಸ್ಕೋಪ್ ಮೌಂಟಿನ ಸ್ಕ್ರೂ ಸಡಿಲವಾಗಿದ್ದರೂ ಗುಂಡು ಹೀಗೇ ಹರಡುತ್ತದೆ. ಬೇರೆ ತೂಕದ ಗುಂಡನ್ನೂ ಹೊಡೆದು ನೋಡಿ. ಇದನ್ನೆಲ್ಲ ನೋಡದೆ ಸುಮ್ನೆ ಮರ ಕೆತ್ತಬೇಡಿ, ಕೆತ್ತಿದ ಮರ ವಾಪಸ್ ಬರುವುದಿಲ್ಲ.

ಭಾರತದಿಂದ ಓದುತ್ತಿರುವವರು ಇದನ್ನು ಮನೆಯಲ್ಲಿ ಮಾಡಲೇಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ರಿಪೇರಿಗೂ ಲೈಸೆನ್ಸ್ ಕೇಳುತ್ತದೆ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರವೇ ಹೋಗಿ.