ಮಿಕ್ಕಿ ಮೌಸ್ ಬರೆದ ಕೈ ಯಾರದು?

ಪ್ರಶ್ನೆ: ಮಿಕ್ಕಿ ಮೌಸ್ ಚಿತ್ರಗಳನ್ನು ಬರೆದದ್ದು ವಾಲ್ಟ್ ಡಿಸ್ನಿ ಅಲ್ಲ, ಅಬ್ ಐವರ್ಕ್ಸ್ ಎಂದು ಕೇಳಿದ್ದೇನೆ. ನಿಜವೇ? ಹಾಗಿದ್ದರೆ ಅವರು ಡಿಸ್ನಿಯನ್ನು ಬಿಟ್ಟಿದ್ದೇಕೆ? ಆಮೇಲೆ ಏನಾದರು?

ಉತ್ತರ: ನಿಜ. ಮಿಕ್ಕಿಯ ದನಿ, ಸ್ವಭಾವ ಡಿಸ್ನಿಯವರದು. ಆದರೆ ಕಾಗದದ ಮೇಲೆ ಅವನನ್ನು ಓಡಿಸಿದ್ದು ಐವರ್ಕ್ಸ್. ಇಬ್ಬರೂ 1901ರಲ್ಲಿ ಹುಟ್ಟಿದವರು. 1919ರಲ್ಲಿ ಕಾನ್ಸಾಸ್ ಸಿಟಿಯ ಜಾಹೀರಾತು ಸ್ಟುಡಿಯೊ ಒಂದರಲ್ಲಿ ಪರಿಚಯವಾದರು.

1928ರಲ್ಲಿ ಡಿಸ್ನಿಗೆ ದೊಡ್ಡ ಹೊಡೆತ ಬಿತ್ತು. ಆಸ್ವಾಲ್ಡ್ ಎಂಬ ಮೊಲದ ಪಾತ್ರ ಕೈತಪ್ಪಿತು. ವಿತರಕ ಚಾರ್ಲ್ಸ್ ಮಿಂಟ್ಜ್ ಕಲಾವಿದರಲ್ಲಿ ಹೆಚ್ಚಿನವರನ್ನೂ ಸೆಳೆದುಕೊಂಡರು. ಐವರ್ಕ್ಸ್ ಹೋಗಲಿಲ್ಲ. ಹೊರಡಲಿದ್ದವರು ಅದೇ ಸ್ಟುಡಿಯೊದಲ್ಲಿ ಮೊಲದ ಕೊನೆಯ ಸಿನಿಮಾಗಳನ್ನು ಮುಗಿಸುತ್ತಿರುವಾಗಲೇ, ಇವರು ಗುಟ್ಟಾಗಿ ಮಿಕ್ಕಿಯ ಮೊದಲ ಸಿನಿಮಾ ‘ಪ್ಲೇನ್ ಕ್ರೇಜಿ’ಯನ್ನು ಹೆಚ್ಚುಕಡಿಮೆ ಒಬ್ಬರೇ ಬರೆದರು. ದಿನಕ್ಕೆ 700 ಚಿತ್ರ ಬರೆದರು ಎಂಬ ಮಾತಿದೆ. ಸೆಕೆಂಡಿಗೆ 12 ಚಿತ್ರದ ಲೆಕ್ಕ ಹಿಡಿದರೂ ಅದು ತೆರೆಯ ಮೇಲೆ ಸುಮಾರು ಒಂದು ನಿಮಿಷದ ಆಟ! ಮಿಕ್ಕಿಯ ತಲೆ, ಕಿವಿ, ಹೊಟ್ಟೆ ಎಲ್ಲ ಬರೀ ವೃತ್ತಗಳು. ಬೇಗ ಬರೆಯೋಕೆ ಅನುಕೂಲ, ಅಲ್ವಾ?

ಬಿಟ್ಟಿದ್ದಕ್ಕೆ ಕೆಲಸದ ರೀತಿಯೂ ಕಾರಣ. ಐವರ್ಕ್ಸ್‌ಗೆ ಮೊದಲಿನಿಂದ ಕೊನೆವರೆಗೆ ಎಲ್ಲ ಚಿತ್ರವನ್ನೂ ತಾವೇ ಬರೆಯುವ ಹಟ. ಮುಖ್ಯ ಭಂಗಿಗಳನ್ನಷ್ಟೇ ಬರೆದು ನಡುವಿನದನ್ನು ಸಹಾಯಕರಿಗೆ ಬಿಡಲಿ ಎಂಬುದು ಡಿಸ್ನಿಯ ಆಸೆ. ಸಾಲದ್ದಕ್ಕೆ ಐವರ್ಕ್ಸ್ ಹಾಕಿಟ್ಟ ಟೈಮಿಂಗನ್ನು, ಅಂದರೆ ಯಾವ ಚಲನೆ ಎಷ್ಟು ಹೊತ್ತು ಎಂಬ ಲೆಕ್ಕವನ್ನು, ಡಿಸ್ನಿ ತಿದ್ದುತ್ತಿದ್ದರು. ಯಾರಿಗಾದರೂ ಸಿಟ್ಟು ಬರುವ ಸಂಗತಿಯೇ. ಅಷ್ಟರಲ್ಲಿ ಪ್ಯಾಟ್ ಪವರ್ಸ್ ಎಂಬ ವಿತರಕ ಸ್ವಂತ ಸ್ಟುಡಿಯೊದ ಆಮಿಷ ಒಡ್ಡಿದರು. 1930ರ ಜನವರಿಯಲ್ಲಿ ಐವರ್ಕ್ಸ್ ಡಿಸ್ನಿ ಸ್ಟುಡಿಯೊದಲ್ಲಿದ್ದ ತಮ್ಮ ಶೇ 20ರ ಪಾಲನ್ನು 2,920 ಡಾಲರ್‌ಗೆ ಬಿಟ್ಟುಕೊಟ್ಟು ಹೊರಟರು. ಇವತ್ತು ಆ ಪಾಲಿನ ಬೆಲೆ ಎಷ್ಟಾಗುತ್ತಿತ್ತು ಎಂದು ಸುಮ್ನೆ ಲೆಕ್ಕ ಹಾಕಬೇಡಿ, ಹೊಟ್ಟೆ ಉರಿಯುತ್ತದೆ.

ಸ್ವಂತ ಸ್ಟುಡಿಯೊದ ‘ಫ್ಲಿಪ್ ದ ಫ್ರಾಗ್’ ಎಂಬ ಕಪ್ಪೆಯ ಕಾರ್ಟೂನ್ ಸರಣಿ ಗೆಲ್ಲಲಿಲ್ಲ. ನನ್ನ ಪ್ರಕಾರ ಆ ಕಪ್ಪೆ ಚೆನ್ನಾಗಿ ಕುಣಿಯುತ್ತದೆ, ಆದರೆ ಅದು ಎಂಥ ಕಪ್ಪೆ ಅಂತ ಗೊತ್ತೇ ಆಗುವುದಿಲ್ಲ. ಐವರ್ಕ್ಸ್‌ಗೆ ಕಥೆಗಿಂತ ಯಂತ್ರದ ಹುಚ್ಚು ಜಾಸ್ತಿ. ಹಳೆಯ ಶೆವ್ರೊಲೆ ಕಾರಿನ ಬಿಡಿಭಾಗ ಬಳಸಿ, ಚಿತ್ರಕ್ಕೆ ಆಳ ಕೊಡುವ ಮಲ್ಟಿಪ್ಲೇನ್ ಕ್ಯಾಮೆರಾ ಕಟ್ಟಿದ್ದರಂತೆ. 1936ರಲ್ಲಿ ಸ್ಟುಡಿಯೊ ಮುಚ್ಚಿತು.

1940ರಲ್ಲಿ ಮತ್ತೆ ಡಿಸ್ನಿಗೇ ಬಂದರು. ಈ ಸಲ ಹಿಡಿದದ್ದು ಪೆನ್ಸಿಲ್ ಅಲ್ಲ, ಕ್ಯಾಮೆರಾ ಮತ್ತು ಲೆನ್ಸು. ಅಲ್ಲಿಯವರೆಗೆ ಕಲಾವಿದ ಬರೆದ ಪ್ರತಿ ಚಿತ್ರವನ್ನೂ ಹೆಣ್ಣುಮಕ್ಕಳ ತಂಡ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಶಾಯಿಯಿಂದ ತಿದ್ದಬೇಕಿತ್ತು. ಐವರ್ಕ್ಸ್ ಜೆರಾಕ್ಸ್ ಯಂತ್ರವನ್ನು ಈ ಕೆಲಸಕ್ಕೆ ಒಗ್ಗಿಸಿದರು. ಪೆನ್ಸಿಲ್ ಗೆರೆ ನೇರವಾಗಿ ಹಾಳೆಗೆ ಇಳಿಯಿತು. 1961ರಲ್ಲಿ ಬಂದ 101 ಚುಕ್ಕೆ ನಾಯಿಗಳ ಸಿನಿಮಾ ಸಾಧ್ಯವಾದದ್ದು ಹೀಗೆ. ಅಷ್ಟೂ ನಾಯಿಗಳ ಚುಕ್ಕೆಗಳನ್ನು ಕೈಯಲ್ಲೇ ತಿದ್ದುತ್ತಾ ಕೂತಿದ್ದರೆ ಮುಗಿಯುತ್ತಿತ್ತಾ? ತಾಂತ್ರಿಕ ಕೆಲಸಕ್ಕೆ ಅವರಿಗೆ ಎರಡು ಆಸ್ಕರ್ ಬಂದವು. 1971ರಲ್ಲಿ ತೀರಿಕೊಂಡರು.

ಅವರ ಕೈಚಳಕ ನೋಡಬೇಕೆಂದರೆ 1929ರ ‘ದ ಸ್ಕೆಲಿಟನ್ ಡಾನ್ಸ್’ ನೋಡಿ. ಅಸ್ಥಿಪಂಜರವೊಂದು ಇನ್ನೊಂದರ ಬೆನ್ನುಮೂಳೆಯನ್ನೇ ವಾದ್ಯ ಮಾಡಿಕೊಂಡು ಬಾರಿಸುತ್ತದೆ.